ಹಾಡಿಗೆ ಬಾಗಿಲು ತೆರೆದಿದೆ, ಹಾಡುಗಾರನಿಗೆ ಇಲ್ಲ: ಕೊಂಪಾಯ್ ಸೆಗುಂದೋ ಮತ್ತು ಅಮೆರಿಕದ ಕ್ಯೂಬಾ ಲೆಕ್ಕ

2025ರ ಜೂನ್ 8ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಟೋನಿ ಪ್ರಶಸ್ತಿ ಸಮಾರಂಭ ನಡೆಯಿತು. ಅಮೆರಿಕದ ರಂಗಭೂಮಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಕ್ಯೂಬಾದ ಹಳೆಯ ಹಾಡುಗಾರರ ಕಥೆ ಹೇಳುವ ‘ಬ್ಯೂನಾ ವಿಸ್ತಾ ಸೋಷಿಯಲ್ ಕ್ಲಬ್’ ಎಂಬ ಸಂಗೀತ ನಾಟಕ ಅಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತು. ಅದರ ವಾದ್ಯ ತಂಡಕ್ಕೆ ಬೇರೆಯಾಗಿ ಒಂದು ವಿಶೇಷ ಗೌರವವೂ ಸಿಕ್ಕಿತು. ಅದೇ ರಾತ್ರಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ್ದ ಪ್ರವೇಶ ನಿರ್ಬಂಧ ಜಾರಿಗೆ ಬಂತು. ಭಾಗಶಃ ನಿರ್ಬಂಧಕ್ಕೆ ಒಳಗಾದ ಏಳು ದೇಶಗಳಲ್ಲಿ ಕ್ಯೂಬಾ ಕೂಡ ಒಂದು.

ಈ ಎರಡು ಸುದ್ದಿಯನ್ನು ಒಟ್ಟಿಗೆ ಓದಿದವರಿಗೆ ತಲೆ ಕೆಡೋದು ಸಹಜ. ಅರವತ್ತು ವರ್ಷಕ್ಕೂ ಮೇಲ್ಪಟ್ಟು ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ದಿಗ್ಬಂಧನ ಹೇರಿದೆ. ಹಾಗಿದ್ದರೆ ಕ್ಯೂಬಾದ ಹಾಡು ನ್ಯೂಯಾರ್ಕ್‌ನಲ್ಲಿ ಟಿಕೆಟ್ ಮಾರಿಸುವುದು ಹೇಗೆ? ಹಾಡು ಬರಬಹುದಾದರೆ ಹಾಡುವವರು ಬರಲು ಇಷ್ಟು ಕಷ್ಟ ಏಕೆ?

ಇದನ್ನು ಬಿಡಿಸಲು ಒಬ್ಬ ಮನುಷ್ಯನ ಬದುಕು ಸಾಕು. ಆ ನಾಟಕದಲ್ಲಿ ಅವರೂ ಒಂದು ಪಾತ್ರ. ಹೆಸರು ಕೊಂಪಾಯ್ ಸೆಗುಂದೋ. ಅವರಿಗೆ ಎರಡು ಕಸುಬು ಗೊತ್ತಿತ್ತು. ಒಂದು, ಗಿಟಾರ್ ಹಿಡಿದು ಹಾಡು ಕಟ್ಟುವುದು. ಇನ್ನೊಂದು, ಸಿಗಾರ್ ಸುತ್ತುವುದು. ಮೊದಲನೆಯದರ ಫಲ ಅಮೆರಿಕಕ್ಕೆ ಹೋಗಬಹುದು, ಎರಡನೆಯದು ಹೋಗುವಂತಿಲ್ಲ.

ಎರಡನೇ ಧ್ವನಿ

ಅವರ ನಿಜವಾದ ಹೆಸರು ಮಾಕ್ಸಿಮೋ ಫ್ರಾನ್ಸಿಸ್ಕೋ ರೆಪಿಲಾದೋ ಮುನ್ಯೋಸ್. ಹುಟ್ಟಿದ್ದು 1907ರ ನವೆಂಬರ್ 18ರಂದು, ಕ್ಯೂಬಾದ ಪೂರ್ವ ಭಾಗದ ಸಾಂಟಿಯಾಗೋ ನಗರದ ಹತ್ತಿರ, ಸಿಬೊನೇ ಎಂಬ ಕಡಲತೀರದ ಊರಲ್ಲಿ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡು ಆಗಿನ್ನೂ ಇಪ್ಪತ್ತೊಂದು ವರ್ಷ ಆಗಿತ್ತು. ಅವರ ಅಜ್ಜಿ ಆ ಗುಲಾಮಗಿರಿಯನ್ನು ಕಂಡವರು. ಐದು ವರ್ಷದವನಿದ್ದಾಗಲೇ ಅಜ್ಜಿಗೆ ಸಿಗಾರ್ ಹಚ್ಚಿಕೊಡುತ್ತಿದ್ದೆ ಎಂದು ಅವರು ಮುಪ್ಪಿನಲ್ಲಿ ನಗುತ್ತಾ ಹೇಳಿಕೊಳ್ಳುತ್ತಿದ್ದರು.

ಒಂಬತ್ತನೇ ವಯಸ್ಸಿಗೆ ಕುಟುಂಬದ ಜೊತೆ ಸಾಂಟಿಯಾಗೋಗೆ ಬಂದರು. ಊರಿನ ಪುರಸಭೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದರು. ಗಿಟಾರ್ ತಾವಾಗಿಯೇ ಕಲಿತರು. ಸಾಂಟಿಯಾಗೋ ಎಂದರೆ ‘ತ್ರೋವಾ’ದ ಊರು. ಗಿಟಾರ್ ಹೆಗಲಿಗೆ ಹಾಕಿಕೊಂಡು ಮನೆಯಿಂದ ಮನೆಗೆ ಹಾಡುತ್ತಾ ತಿರುಗುವವರು ಅಲ್ಲಿ ‘ತ್ರೋವದೋರ್’. 1930ರ ದಶಕದಲ್ಲಿ ಅವರು ರಾಜಧಾನಿ ಹವಾನಾ ಸೇರಿದರು. ಅಲ್ಲಿ ಆ ಕಾಲದ ದೊಡ್ಡ ಹೆಸರಾದ ಮಿಗೆಲ್ ಮಾತಾಮೋರೋಸ್ ತಂಡದಲ್ಲಿ ಹನ್ನೆರಡು ವರ್ಷ ಕ್ಲಾರಿನೆಟ್ ನುಡಿಸಿದರು. ಗಿಟಾರಿನಿಂದ ಹೆಸರಾದವರು ಹೊಟ್ಟೆಗಾಗಿ ಊದಿದ್ದು ಬೇರೆ ವಾದ್ಯ.

ಅಡ್ಡಹೆಸರು ಬಂದದ್ದು 1940ರ ದಶಕದಲ್ಲಿ. ಲೊರೆಂಜೋ ಇಯೆರ್ರೆಸುವೆಲೋ ಜೊತೆ ಸೇರಿ ‘ಲೋಸ್ ಕೊಂಪಾದ್ರೆಸ್’ ಎಂಬ ಜೋಡಿ ಕಟ್ಟಿದರು. ಮಗುವಿನ ದೀಕ್ಷಾಸ್ನಾನಕ್ಕೆ ಜೊತೆ ನಿಂತವನಿಗೂ ಮಗುವಿನ ಅಪ್ಪನಿಗೂ ಇರುವ ನಂಟನ್ನು ಸ್ಪ್ಯಾನಿಷ್‌ನಲ್ಲಿ ‘ಕೊಂಪಾದ್ರೆ’ ಎನ್ನುತ್ತಾರೆ. ಪೂರ್ವ ಕ್ಯೂಬಾದ ಬಾಯಲ್ಲಿ ಅದು ಸವೆದು ‘ಕೊಂಪಾಯ್’ ಆಗಿದೆ. ಹೆಚ್ಚುಕಮ್ಮಿ ನಾವು ‘ಮಾರಾಯ’ ಅಂದ ಹಾಗೆ. ಲೊರೆಂಜೋ ಮೇಲಿನ ಧ್ವನಿ ಹಾಡುತ್ತಿದ್ದರು. ಇವರು ಕೆಳಗಿನದು, ಅಂದರೆ ‘ಸೆಗುಂದೋ’, ಎರಡನೆಯದು. ಕ್ಯೂಬಾದ ಹಳ್ಳಿ ಹಾಡಿನಲ್ಲಿ ಎರಡನೇ ಧ್ವನಿ ಸುಮ್ನೆ ಹಿಂದೆ ಗುನುಗುವ ಧ್ವನಿ ಅಲ್ಲ. ಮೊದಲನೆಯದು ಮೇಲೇರಿದಾಗ ಅದು ಕೆಳಗೆ ನೆಲ ಹಾಕುತ್ತದೆ, ಕೆಲವೊಮ್ಮೆ ಎದುರು ದಿಕ್ಕಿಗೇ ನಡೆಯುತ್ತದೆ. ಅದನ್ನು ಹಾಡಲು ಕಿವಿ ಜಾಸ್ತಿ ಬೇಕು, ಹೆಮ್ಮೆ ಕಡಿಮೆ ಇರಬೇಕು.

ಏಳನೇ ತಂತಿ, ಐದು ಪೆಟ್ಟು

ಅವರು ಹಾಡುತ್ತಿದ್ದದ್ದು ‘ಸೋನ್’. ಆಫ್ರಿಕಾದಿಂದ ಹಿಡಿದು ತಂದವರ ತಾಳ, ಸ್ಪೇನಿನಿಂದ ಬಂದವರ ತಂತಿವಾದ್ಯ, ಎರಡೂ ಪೂರ್ವ ಕ್ಯೂಬಾದಲ್ಲಿ ಬೆರೆತು ಹುಟ್ಟಿದ ಪ್ರಕಾರ ಇದು. ಮುಂದೆ ನ್ಯೂಯಾರ್ಕ್‌ನಲ್ಲಿ ‘ಸಾಲ್ಸಾ’ ಎಂದು ಜಗತ್ತಿಗೆ ಪರಿಚಯ ಆದದ್ದರ ಬೇರು ಇದೇ.

ಸೋನ್‌ನ ಬೆನ್ನುಮೂಳೆ ‘ಕ್ಲಾವೆ’. ಎರಡು ಗಟ್ಟಿ ಮರದ ತುಂಡು ಬಡಿದು ಹಾಕುವ ಐದು ಪೆಟ್ಟು ಅದು. ಹದಿನಾರು ಎಣಿಕೆಯ ಒಂದು ಸುತ್ತು ಅಂದುಕೊಳ್ಳಿ. ಒಂದು, ನಾಲ್ಕು, ಏಳು, ಹನ್ನೊಂದು, ಹದಿಮೂರರ ಮೇಲೆ ಪೆಟ್ಟು ಬೀಳುತ್ತದೆ. ಕೈತಾಳ ಹಾಕಿ ನೋಡಿ: ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಮೊದಲ ಅರ್ಧ ಎಳೆದಾಡುತ್ತದೆ, ಎರಡನೇ ಅರ್ಧ ಮನೆಗೆ ಬಂದು ಕೂರುತ್ತದೆ. ಹಾಡು, ಬಾಸ್, ಕುಣಿತ ಎಲ್ಲವೂ ಈ ಎಳೆದಾಟದ ಸುತ್ತ ನಿಂತಿವೆ.

ಸೋನ್‌ಗೆ ಮುಖ್ಯ ವಾದ್ಯ ‘ತ್ರೇಸ್’. ಗಿಟಾರಿನ ಅಣ್ಣತಮ್ಮ. ಮೂರು ಜೋಡಿ ತಂತಿ, ದನಿ ಲೋಹದ ಹಾಗೆ ಚುರುಕು. ಕೊಂಪಾಯ್‌ಗೆ ಗಿಟಾರಿನ ತುಂಬಿದ ದನಿಯೂ ಬೇಕು, ತ್ರೇಸ್‌ನ ಚುರುಕೂ ಬೇಕು. ಆಗ ‘ಅರ್ಮೋನಿಕೋ’ ಎಂಬ ವಾದ್ಯ ಮಾಡಿಕೊಂಡರು. ಆರು ತಂತಿಯ ಗಿಟಾರಿಗೆ ನಡುವಿನ ಒಂದು ತಂತಿಯನ್ನು ಜೋಡಿ ಮಾಡಿ ಏಳಾಗಿಸಿದರು. ಮಾಡಿದ್ದು ಅಷ್ಟೇ. ಆದರೆ ಒಂಟಿ ತಂತಿಗಳ ಮಧ್ಯೆ ಒಂದು ಜೋಡಿ ಮಿನುಗುವುದು ಅವರ ಧ್ವನಿಮುದ್ರಣಗಳಲ್ಲಿ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ.

1950ರ ದಶಕದ ಮಧ್ಯದಲ್ಲಿ ಲೋಸ್ ಕೊಂಪಾದ್ರೆಸ್‌ನಿಂದ ಹೊರಬಂದರು. ಸಂಗೀತದಿಂದ ಸಂಸಾರ ಸಾಗಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಇನ್ನೊಂದು ಕಸುಬು ಕೈಹಿಡಿಯಿತು. ಹವಾನಾದ ಎಚ್. ಉಪ್‌ಮನ್ ಸಿಗಾರ್ ಕಾರ್ಖಾನೆಯಲ್ಲಿ ಹದಿನೇಳು ವರ್ಷದಷ್ಟು ಕಾಲ ದುಡಿದು, 1970ರಲ್ಲಿ ನಿವೃತ್ತರಾದರು. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ಹೊದಿಸುವ ನುಣುಪಾದ ಎಲೆ. ಅರ್ಧಚಂದ್ರದ ಕತ್ತಿಯಿಂದ ಅಂಚು ಕತ್ತರಿಸಿ, ಅಂಗೈಯಲ್ಲಿ ಉರುಳಿಸಿ ಸುತ್ತುವುದು. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಬೇಸರ ಆಗದಿರಲಿ ಎಂದು ಒಬ್ಬರು ಎತ್ತರದಲ್ಲಿ ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ 19ನೇ ಶತಮಾನದಿಂದಲೂ ಇದೆ.

1,200 ಸಿಗಾರ್‌ಗಳ ಕಥೆ

ಇಲ್ಲಿ ರಾಜಕೀಯ ಒಳಗೆ ಬರುತ್ತದೆ.

1959ರಲ್ಲಿ ಕ್ಯೂಬಾದಲ್ಲಿ ಫಿಡೆಲ್ ಕ್ಯಾಸ್ಟ್ರೋ ಅಧಿಕಾರ ಹಿಡಿದರು. ಮರುವರ್ಷ ಸಿಗಾರ್ ಕಾರ್ಖಾನೆಗಳೂ, ಅಮೆರಿಕದ ಕಂಪನಿಗಳ ಆಸ್ತಿಯೂ ಸರ್ಕಾರದ ಪಾಲಾದವು. ಅದಕ್ಕೆ ಉತ್ತರವಾಗಿ ಅಧ್ಯಕ್ಷ ಕೆನಡಿ 1962ರ ಫೆಬ್ರವರಿಯಲ್ಲಿ ಪೂರ್ಣ ವ್ಯಾಪಾರ ದಿಗ್ಬಂಧನಕ್ಕೆ ಸಹಿ ಹಾಕಿದರು. ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಬಹಳ ವರ್ಷಗಳ ಮೇಲೆ ಹೇಳಿದ ಕಥೆ ಪ್ರಸಿದ್ಧ. ಸಹಿಯ ಹಿಂದಿನ ಸಂಜೆ ಕೆನಡಿ ಅವರನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಸಿಗಾರ್ ಬೇಕು ಅಂದರಂತೆ. ಬ್ರ್ಯಾಂಡ್? ಪೆತಿ ಉಪ್‌ಮನ್. ಅಂಗಡಿ ಅಂಗಡಿ ಸುತ್ತಿ ಸಾಲಿಂಜರ್ 1,200 ತಂದುಕೊಟ್ಟ ಮೇಲೆ ಅಧ್ಯಕ್ಷರು ಮೇಜಿನ ಡ್ರಾಯರ್ ಎಳೆದು ಕಾಗದ ತೆಗೆದು ಸಹಿ ಮಾಡಿದರಂತೆ. ಆ 1,200ರಲ್ಲಿ ಕೊಂಪಾಯ್ ಸುತ್ತಿದ್ದು ಒಂದಾದರೂ ಇತ್ತೇ ಎಂದು ಯೋಚಿಸದೆ ಇರಲು ಆಗುವುದಿಲ್ಲ.

ಅಂದಿನಿಂದ ಕ್ಯೂಬಾದ ಸಿಗಾರ್, ರಮ್, ಸಕ್ಕರೆಗೆ ಅಮೆರಿಕದ ಬಾಗಿಲು ಮುಚ್ಚಿತು. ಮೊದಮೊದಲು ಹಾಡಿನ ಪ್ಲೇಟುಗಳಿಗೂ ಅದೇ ಗತಿ.

ಹಾಡು ‘ಮಾಹಿತಿ’ ಆದದ್ದು ಹೇಗೆ?

ಬದಲಾವಣೆ ಬಂದದ್ದು 1988ರಲ್ಲಿ. ಹೊರದೇಶದ ಪುಸ್ತಕ, ಪತ್ರಿಕೆ ತಡೆಯುವುದು ಅಮೆರಿಕದ ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯಕ್ಕೇ ವಿರುದ್ಧ ಎಂಬ ವಾದ ಎದ್ದಿತ್ತು. ಸಂಸದ ಹೋವರ್ಡ್ ಬರ್ಮನ್ ಒಂದು ತಿದ್ದುಪಡಿ ತಂದರು. ಪುಸ್ತಕ, ಸಿನಿಮಾ, ಪೋಸ್ಟರ್, ಫೋಟೋ, ಧ್ವನಿಮುದ್ರಿಕೆ ಇವೆಲ್ಲ ‘ಮಾಹಿತಿ ಸಾಮಗ್ರಿ’, ದಿಗ್ಬಂಧನ ಇವಕ್ಕೆ ಇಲ್ಲ ಎಂದಾಯಿತು. 1994ರಲ್ಲಿ ಆ ಪಟ್ಟಿಗೆ ಸಿಡಿ, ಕಲಾಕೃತಿಗಳೂ ಸೇರಿದವು.

ಕಾನೂನಿನ ಕಣ್ಣಿಗೆ ಸಿಗಾರ್ ಒಂದು ಸರಕು, ಹಾಡು ಒಂದು ಮಾಹಿತಿ. ಇದು ನಮ್ಮ ಮೊದಲ ಪ್ರಶ್ನೆಗೆ ಉತ್ತರ.

ಆದರೆ ಖಜಾನೆ ಇಲಾಖೆ ಒಂದು ಗಂಟು ಹಾಕಿತು. ಆಗಲೇ ತಯಾರಾಗಿರುವ ಹಾಡನ್ನು ತರಬಹುದು. ಇನ್ನೂ ತಯಾರಾಗದ್ದಕ್ಕೆ ದುಡ್ಡು ಹಾಕಿ, ಕ್ಯೂಬಾದವರ ಜೊತೆ ಕೂತು ಹೊಸದಾಗಿ ಮಾಡಿಸುವುದು ವ್ಯಾಪಾರ, ಅದಕ್ಕೆ ಪರವಾನಗಿ ಬೇಕು. ಈ ಗಂಟಿಗೆ ಸಿಕ್ಕಿಬಿದ್ದವರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್.

1996ರ ಮಾರ್ಚ್‌ನಲ್ಲಿ ಕೂಡರ್ ಹವಾನಾಕ್ಕೆ ಬಂದರು. ಲಂಡನ್ನಿನ ವರ್ಲ್ಡ್ ಸರ್ಕಿಟ್ ಕಂಪನಿಯ ನಿಕ್ ಗೋಲ್ಡ್ ಅವರನ್ನು ಕರೆಸಿದ್ದು ಮಾಲಿ ದೇಶದ ವಾದಕರನ್ನೂ ಕ್ಯೂಬಾದವರನ್ನೂ ಕೂಡಿಸಲು. ಮಾಲಿಯವರು ಬರಲು ಆಗಲೇ ಇಲ್ಲ. ಸ್ಟುಡಿಯೋ ಬುಕ್ ಆಗಿತ್ತು. ಆಗ ಹುಯಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಎಂಬ ಕ್ಯೂಬಾದ ಸಂಗೀತಗಾರ ಊರಿನಲ್ಲಿದ್ದ ಹಳೆಯ ಕಲಾವಿದರನ್ನು ಹುಡುಕಿ ಕರೆತಂದರು. ಆಗ ಕೊಂಪಾಯ್‌ಗೆ 88 ವರ್ಷ. ಆರೇ ದಿನದಲ್ಲಿ ಸರ್ಕಾರಿ ಕಂಪನಿ ಎಗ್ರೆಮ್‌ನ ಹಳೆಯ ಸ್ಟುಡಿಯೋದಲ್ಲಿ ‘ಬ್ಯೂನಾ ವಿಸ್ತಾ ಸೋಷಿಯಲ್ ಕ್ಲಬ್’ ಆಲ್ಬಂ ತಯಾರಾಯಿತು. ವಿಪರ್ಯಾಸ ನೋಡಿ, ದಿಗ್ಬಂಧನವನ್ನು ಇನ್ನೂ ಬಿಗಿ ಮಾಡಿದ ಹೆಲ್ಮ್ಸ್-ಬರ್ಟನ್ ಕಾಯ್ದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದೂ ಅದೇ ಮಾರ್ಚ್‌ನ 12ಕ್ಕೆ.

ಆಲ್ಬಂ 1997ರಲ್ಲಿ ಬಂತು, ಗ್ರ್ಯಾಮಿ ಗೆದ್ದಿತು, ಲಕ್ಷಗಟ್ಟಲೆ ಮಾರಾಟವಾಯಿತು. ಕೂಡರ್‌ಗೆ ಅಮೆರಿಕ ಸರ್ಕಾರ 25,000 ಡಾಲರ್ ದಂಡ ಹಾಕಿತು. ಹಾಡಿಗೆ ದಂಡ ಇಲ್ಲ. ಪರವಾನಗಿ ಇಲ್ಲದೆ ಹೋಗಿ ಅದನ್ನು ಮಾಡಿದ್ದಕ್ಕೆ ದಂಡ.

ನಾಲ್ಕು ಊರಿನ ಹಾಡು

ಆ ಆಲ್ಬಂನ ಮೊದಲ ಹಾಡು ‘ಚಾನ್ ಚಾನ್’. ಬರೆದವರು ಕೊಂಪಾಯ್, 1980ರ ದಶಕದಲ್ಲಿ, ವಯಸ್ಸು ಎಪ್ಪತ್ತೈದು ದಾಟಿದ ಮೇಲೆ. ರಾಗ ಕನಸಿನಲ್ಲಿ ಬಂತು ಎನ್ನುತ್ತಿದ್ದರು. ಆಲ್ಬಂನಲ್ಲಿ ಮೊದಲ ಧ್ವನಿ ಎಲಿಯಾದೆಸ್ ಒಚೋವಾ ಅವರದು. ಕೊಂಪಾಯ್ ಎಂದಿನಂತೆ ಎರಡನೆಯದು.

ಪಲ್ಲವಿಯಲ್ಲಿ ಇರುವುದು ನಾಲ್ಕು ಊರಿನ ಹೆಸರು: ಆಲ್ತೋ ಸೆದ್ರೋ, ಮಾರ್ಕಾನೇ, ಕುವೆತೋ, ಮಾಯಾರಿ. ಪೂರ್ವ ಕ್ಯೂಬಾದ ಕಬ್ಬಿನ ಸೀಮೆಯಲ್ಲಿ ಒಂದಕ್ಕೊಂದು ಹತ್ತಿರದ ಊರುಗಳು. ನಡುವೆ ಚಾನ್ ಚಾನ್ ಎಂಬ ಗಂಡು, ಹುವಾನಿಕಾ ಎಂಬ ಹೆಣ್ಣು, ಕಡಲತೀರದಲ್ಲಿ ಮರಳು ಜರಡಿ ಹಿಡಿಯುವ ಒಂದು ತುಂಟ ಪ್ರಸಂಗ. ಗಿಟಾರಿನಲ್ಲಿ ನಾಲ್ಕೇ ಸ್ವರಗುಚ್ಛ (ಕಾರ್ಡ್), ಅವೇ ಸುತ್ತಿ ಸುತ್ತಿ ಬರುತ್ತವೆ. ಕಷ್ಟದ್ದು ಏನೂ ಇಲ್ಲ. ಆದರೂ ಹಾಡು ಮುಗಿದ ಮೇಲೆ ಆ ಸುತ್ತು ತಲೆಯಿಂದ ಇಳಿಯುವುದಿಲ್ಲ.

ಈ ಹಾಡು 1998ರ ಜುಲೈ 1ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್ ತಲುಪಿತು. ಆ ಸಲ ವೀಸಾ ಸಿಕ್ಕಿತ್ತು. ಅದೇ ವರ್ಷ ಮಿಯಾಮಿ ಬೀಚ್‌ನಲ್ಲಿ ಕೊಂಪಾಯ್ ಹಾಡುವಾಗ ಬಾಂಬ್ ಬೆದರಿಕೆ ಬಂದು ಸಭಾಂಗಣ ಖಾಲಿ ಮಾಡಿಸಬೇಕಾಯಿತು.

ಮಿಯಾಮಿಯವರ ಸಿಟ್ಟಿಗೂ ಕಾರಣವಿದೆ

ಮಿಯಾಮಿ ಎಂದರೆ ಕ್ಯಾಸ್ಟ್ರೋ ಆಡಳಿತ ಬೇಡವೆಂದು ದೇಶ ಬಿಟ್ಟ ಕ್ಯೂಬಾದವರು ನೆಲೆಸಿದ ಊರು. ಬೆದರಿಕೆ ಹಾಕಿದವರನ್ನು ಸಮರ್ಥಿಸಬೇಕಿಲ್ಲ. ಆದರೆ ದಿಗ್ಬಂಧನ ಬೇಕು ಎನ್ನುವವರ ವಾದವನ್ನು ಪೂರ್ತಿ ಕೇಳಬೇಕು. ಕ್ಯೂಬಾದಲ್ಲಿ ಸ್ಟುಡಿಯೋ ಸರ್ಕಾರದ್ದು, ರೆಕಾರ್ಡ್ ಕಂಪನಿ ಸರ್ಕಾರದ್ದು. ಹಾಗಾಗಿ ಕ್ಯೂಬಾದ ಸಂಗೀತಕ್ಕೆ ಕೊಟ್ಟ ಡಾಲರಿನಲ್ಲಿ ಒಂದು ಪಾಲು ಆ ಸರ್ಕಾರಕ್ಕೇ ಹೋಗುತ್ತದೆ ಎನ್ನುತ್ತಾರೆ ಅವರು. ಇನ್ನೊಂದು ಮಾತೂ ಇದೆ. ಬಾಗಿಲು ಮುಚ್ಚಿದ್ದು ಅಮೆರಿಕ ಮಾತ್ರವಾ? ಸೆಲಿಯಾ ಕ್ರೂಸ್ ಕ್ಯೂಬಾದ ಅತಿ ದೊಡ್ಡ ಗಾಯಕಿಯರಲ್ಲಿ ಒಬ್ಬರು. 1960ರಲ್ಲಿ ದೇಶ ಬಿಟ್ಟರು. 1962ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಬರಲು ಕ್ಯೂಬಾ ಬಿಡಲಿಲ್ಲ. ಅವರ ಹಾಡು ದಶಕಗಳ ಕಾಲ ಅಲ್ಲಿನ ರೇಡಿಯೋದಲ್ಲಿ ಬರಲಿಲ್ಲ.

ದಿಗ್ಬಂಧನ ಬೇಡ ಎನ್ನುವವರು ಕೇಳುವುದು ಒಂದೇ ಪ್ರಶ್ನೆ: ಅರವತ್ತು ವರ್ಷದಲ್ಲಿ ಇದರಿಂದ ಸರ್ಕಾರ ಬದಲಾಯಿತಾ? ನರಳಿದ್ದು ಜನ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1992ರಿಂದ ದಿಗ್ಬಂಧನದ ವಿರುದ್ಧ ನಿರ್ಣಯ ಮಾಡುತ್ತಲೇ ಬಂದಿದೆ. ಭಾರತದ ಮತವೂ ಆ ಕಡೆಗೇ. ಆದರೆ ಅಂತರ ಕರಗುತ್ತಿದೆ. 2024ರಲ್ಲಿ 187 ದೇಶ ಪರ, ಎರಡು ವಿರೋಧ. 2025ರ ಅಕ್ಟೋಬರ್‌ನಲ್ಲಿ 165 ಪರ, ಏಳು ವಿರೋಧ, ಹನ್ನೆರಡು ತಟಸ್ಥ.

ಮೂರನೇ ದನಿ ಕ್ಯೂಬಾದ ಒಳಗಿನದೇ. ಬ್ಯೂನಾ ವಿಸ್ತಾ ನಮ್ಮನ್ನು 1950ಕ್ಕೆ ಮೊಳೆ ಹೊಡೆದು ನಿಲ್ಲಿಸಿತು ಎನ್ನುತ್ತಾರೆ ಅಲ್ಲಿನ ಕೆಲವು ಕಲಾವಿದರು. ಹವಾನಾದ ಪ್ರವಾಸಿ ಹೋಟೆಲುಗಳಲ್ಲಿ ಗಂಟೆಗೊಮ್ಮೆ ‘ಚಾನ್ ಚಾನ್’ ಕೇಳಿಸುತ್ತದೆ. ಹುಡುಗರು ಕೇಳುವುದು ‘ರೆಪಾರ್ತೋ’ ಎಂಬ ಬೀದಿ ಸಂಗೀತ. ಈ ದೂರಿನಲ್ಲಿ ಹುರುಳಿದೆ. ಬಣ್ಣ ಮಾಸಿದ ಗೋಡೆ, ಹಳೆ ಕಾರು, ಬಿಳಿ ಹ್ಯಾಟಿನ ಮುದುಕ, ಬಾಯಲ್ಲಿ ಸಿಗಾರ್. ಬಡತನವನ್ನು ಇಷ್ಟು ಚೆಂದ ಕಾಣಿಸಿದರೆ ನೋಡುವವರಿಗೆ ಅದು ಬಡತನ ಎಂದೇ ಹೊಳೆಯುವುದಿಲ್ಲ.

ದುಡ್ಡು ಯಾರ ಕೈಗೆ?

ಹಾಡಿನ ರಾಯಲ್ಟಿ ವಿಷಯ ಇನ್ನೂ ಜಟಿಲ. 1930ರಿಂದ 50ರ ದಶಕದವರೆಗೆ ಕ್ಯೂಬಾದ ಎಷ್ಟೋ ಹಾಡುಗಾರರು ಅಮೆರಿಕದ ಪಿಯರ್ ಎಂಬ ಸಂಗೀತ ಪ್ರಕಾಶನ ಕಂಪನಿಗೆ ಹಕ್ಕು ಬರೆದುಕೊಟ್ಟಿದ್ದರು. 1960ರಲ್ಲಿ ಕ್ಯೂಬಾ ಕಾನೂನು ಮಾಡಿ ಆ ಹಕ್ಕುಗಳನ್ನು ವಾಪಸ್ ಪಡೆದೆ ಎಂದಿತು. ಹಳೆಯ ಹಾಡಿಗೆ ಬೆಲೆ ಇಲ್ಲದಿರುವಾಗ ಯಾರಿಗೂ ಇದರ ಚಿಂತೆ ಇರಲಿಲ್ಲ. ಬ್ಯೂನಾ ವಿಸ್ತಾ ಗೆದ್ದ ಮೇಲೆ ಇಂಥ ಹಳೆಯ ಹಾಡುಗಳ ಜಗಳ ಲಂಡನ್ ನ್ಯಾಯಾಲಯದಲ್ಲಿ ದೊಡ್ಡದಾಯಿತು. ಪುಡಿಗಾಸು ಕೊಟ್ಟು ಬಡ ಹಾಡುಗಾರರಿಂದ ಬರೆಸಿಕೊಂಡ ಒಪ್ಪಂದ ಅದು ಎಂದಿತು ಕ್ಯೂಬಾ. ಒಪ್ಪಂದ ಒಪ್ಪಂದವೇ, ಸರ್ಕಾರ ಅದನ್ನು ಕಿತ್ತುಕೊಳ್ಳಲಾಗದು ಎಂದಿತು ಪಿಯರ್. ಕ್ಯೂಬಾದ ಕಾನೂನು ಬ್ರಿಟನ್ನಿನಲ್ಲಿರುವ ಹಕ್ಕನ್ನು ಕದಲಿಸಲಾಗದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಹೇಳಿತು. ಆದರೂ ಒಪ್ಪಂದಗಳ ವಿಚಾರಣೆ ಉಳಿದಿತ್ತು. ವಯಸ್ಸಾದ ಸಾಕ್ಷಿಗಳ ಮಾತು ಕೇಳಲು 2005ರಲ್ಲಿ ಲಂಡನ್ನಿನ ನ್ಯಾಯಾಧೀಶರೇ ಹವಾನಾಕ್ಕೆ ಹೋಗಿ ಕೂತರು.

‘ಚಾನ್ ಚಾನ್’ 1980ರ ದಶಕದ್ದಾದ್ದರಿಂದ ಆ ಹಳೆಯ ಒಪ್ಪಂದಗಳ ಜಗಳಕ್ಕೆ ಬರುವುದಿಲ್ಲ. ತಡವಾಗಿ ಹುಟ್ಟಿದ್ದು ಅದರ ಅದೃಷ್ಟ.

ವೇದಿಕೆಯ ದುಡಿಮೆಗೆ ಬೇರೆಯೇ ತೊಡಕು. 2016ರವರೆಗೆ ಅಮೆರಿಕಕ್ಕೆ ಬಂದು ಹಾಡಿದ ಕ್ಯೂಬಾದವರಿಗೆ ಸಂಭಾವನೆ ಕೊಡುವಂತಿರಲಿಲ್ಲ. ಊಟ, ವಸತಿ, ಓಡಾಟದ ಖರ್ಚು ಅಷ್ಟೇ. ಒಬಾಮ ಕಾಲದಲ್ಲಿ ಅದು ಸಡಿಲವಾಯಿತು. ಬ್ಯೂನಾ ವಿಸ್ತಾ ತಂಡ 2015ರಲ್ಲಿ ಶ್ವೇತಭವನದಲ್ಲೇ ಹಾಡಿತು. ಎಗ್ರೆಮ್‌ನ ಹಳೆಯ ಹಾಡುಗಳನ್ನು ಜಗತ್ತಿಗೆ ಹಂಚಲು ಸೋನಿ ಕಂಪನಿ ಒಪ್ಪಂದ ಮಾಡಿಕೊಂಡದ್ದೂ ಆಗಲೇ.

ಮನುಷ್ಯ ‘ಮಾಹಿತಿ’ ಅಲ್ಲ

ಈಗ ಎರಡನೇ ಪ್ರಶ್ನೆ. ಬರ್ಮನ್ ತಿದ್ದುಪಡಿ ಕಾಪಾಡುವುದು ಸಾಮಗ್ರಿಯನ್ನು. ಮನುಷ್ಯರ ಪ್ರವೇಶ ವಲಸೆ ಕಾನೂನಿಗೆ ಸೇರಿದ್ದು. ಅದರ 212(ಎಫ್) ಕಲಮು, ದೇಶದ ಹಿತಕ್ಕೆ ಧಕ್ಕೆ ಎಂದು ಕಂಡರೆ ಯಾರ ಪ್ರವೇಶವನ್ನಾದರೂ ತಡೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತದೆ. 2004ರಲ್ಲಿ ಬ್ಯೂನಾ ವಿಸ್ತಾದ ಗಾಯಕ ಇಬ್ರಾಹಿಂ ಫೆರೆರ್ ಗ್ರ್ಯಾಮಿ ಗೆದ್ದರು. ಎಪ್ಪತ್ತಾರು ದಾಟಿದ ಆ ಹಿರಿಯರಿಗೆ ವೀಸಾ ನಿರಾಕರಿಸಿದ್ದು ಇದೇ ಕಲಮಿನಡಿ. 2025ರ ಜೂನ್ ನಿರ್ಬಂಧವೂ ಇದೇ ಕಲಮಿನಡಿ ಬಂದದ್ದು. ಕ್ಯೂಬಾದವರ ಪ್ರವಾಸಿ, ವ್ಯವಹಾರ, ವಿದ್ಯಾರ್ಥಿ, ವಿನಿಮಯ ವೀಸಾಗಳು ನಿಂತವು. ಕಲಾವಿದರ ವೀಸಾ ಆ ಆದೇಶದಲ್ಲಿ ನೇರವಾಗಿ ಹೆಸರಿಸಿದ್ದರಲ್ಲಿ ಇರಲಿಲ್ಲ. ಆದರೆ ಉಳಿದ ವೀಸಾಗಳ ಅವಧಿಯನ್ನೂ ಮೊಟಕುಗೊಳಿಸಿ ಎಂಬ ಸೂಚನೆ ಅದರಲ್ಲಿತ್ತು.

ಇದಕ್ಕೆ ಇನ್ನೆರಡು ಅಡ್ಡಿ ಸೇರಿವೆ. ಒಂದು, ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿ. 2025ರ ಜನವರಿ 14ರಂದು ಬೈಡನ್ ಕ್ಯೂಬಾವನ್ನು ಅದರಿಂದ ತೆಗೆಯುವುದಾಗಿ ಹೇಳಿದರು, ಆರೇ ದಿನದಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ಪಟ್ಟಿಯಲ್ಲಿರುವ ದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕುಗಳು ಹೆದರುತ್ತವೆ. ಹಾಗಾಗಿ ನ್ಯಾಯವಾಗಿ ಬರಬೇಕಾದ ಹಣವೂ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಎರಡು, 2021ರ ಜನವರಿ 12ರ ನಂತರ ಕ್ಯೂಬಾಕ್ಕೆ ಹೋಗಿಬಂದ ಯುರೋಪಿನವರಿಗೆ ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗುವ ಸೌಲಭ್ಯ ಇಲ್ಲ. ಇಂದು ಲಂಡನ್ನಿನ ಒಬ್ಬ ನಿರ್ಮಾಪಕ ಹವಾನಾದಲ್ಲಿ ಆರು ದಿನ ರೆಕಾರ್ಡಿಂಗ್ ಮಾಡಿಸಲು ಹೊರಟರೆ, ಮುಂದೆ ನ್ಯೂಯಾರ್ಕ್‌ಗೆ ಹೋಗಲು ವೀಸಾ ಸಾಲಿನಲ್ಲಿ ನಿಲ್ಲಬೇಕು. ಅವನು ಹೊರಡುವ ಮೊದಲು ಎರಡು ಸಲ ಯೋಚಿಸುತ್ತಾನೆ ಅಲ್ವಾ?

ಇದರ ಪರಿಣಾಮ ಊಹಿಸಲು ಕಷ್ಟವಿಲ್ಲ. ಆಗಲೇ ಮುದ್ರಣವಾದ ಹಳೆಯ ಹಾಡು ಸಲೀಸಾಗಿ ಓಡಾಡುತ್ತದೆ. ಹೊಸ ಹಾಡು, ಬದುಕಿರುವ ಹಾಡುಗಾರ ಗಡಿಯಲ್ಲೇ ನಿಲ್ಲುತ್ತಾರೆ. ಕ್ಯೂಬಾ ಎಂದರೆ 1950ರ ದಶಕ ಎಂಬ ಚಿತ್ರ ಇನ್ನೂ ಗಟ್ಟಿಯಾಗುತ್ತದೆ. ಹೊರಗಿನವರ ಹಳೆಯ ಕಾಲದ ಮೋಹ ಇದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ ಈ ಕಾನೂನೇ. ನ್ಯೂಯಾರ್ಕ್‌ನ ಬ್ರಾಡ್ವೇ ರಂಗಮಂದಿರಗಳಲ್ಲಿ ಕ್ಯೂಬಾದ ಕಥೆ ಗೆಲ್ಲಲು ಕ್ಯೂಬಾದ ಪಾಸ್‌ಪೋರ್ಟ್ ಇರುವವರು ಬೇಕಾಗಿಯೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪು ಕೋಟೆಯಲ್ಲಿ ನಡೆದ ಯುನೆಸ್ಕೋ ಸಭೆ ಕ್ಯೂಬಾದ ಸೋನ್ ಅನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಸೇರಿದ್ದೂ ಅದೇ ಸಭೆಯಲ್ಲಿ. ಆದರೆ ಯುನೆಸ್ಕೋ ಪಟ್ಟಿ ಯಾರಿಗೂ ವೀಸಾ ಕೊಡಿಸುವುದಿಲ್ಲ.

ಕೊಂಪಾಯ್ 2003ರ ಜುಲೈ 13ರಂದು ಹವಾನಾದಲ್ಲಿ ತೀರಿಕೊಂಡರು, 95ನೇ ವಯಸ್ಸಿಗೆ. ಮಣ್ಣು ಮಾಡಿದ್ದು ಸಾಂಟಿಯಾಗೋದಲ್ಲಿ. ಮೂರು ದಿನ ಕಳೆದು ಸೆಲಿಯಾ ಕ್ರೂಸ್ ನ್ಯೂಜೆರ್ಸಿಯಲ್ಲಿ ತೀರಿಹೋದರು. ಎಚ್. ಉಪ್‌ಮನ್ ಹೆಸರಿನ ಸಿಗಾರ್ ನ್ಯೂಯಾರ್ಕ್ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. 1960ರಲ್ಲಿ ದೇಶ ಬಿಟ್ಟ ಹಳೆಯ ಮಾಲೀಕರು ಹೆಸರನ್ನು ಜೊತೆಗೇ ಒಯ್ದಿದ್ದರು. ಸುತ್ತುವುದು ಮಾತ್ರ ಈಗ ಹೆಚ್ಚಾಗಿ ಡೊಮಿನಿಕನ್ ಗಣರಾಜ್ಯದಲ್ಲಿ.